ಮುನ್ನೂರ ಹನ್ನೆರಡು ಬಾಕುಗಳ ಮೇಲಿನ ಮುದ್ರೆ

ಅವನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಸರ್ಕಾರಿ ಕಾಗದಗಳನ್ನು ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಓಣಿಯ ಪಾಲಿಗೆ ಅವನು ಇಕ್ಕಳ. ಕಾದ ಕಬ್ಬಿಣ ಹಿಡಿಯುವ ಇಕ್ಕಳಕ್ಕೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೇ: ಕಬ್ಬಿಣದ ಇಕ್ಕಳ ಕೆಲಸ ಮುಗಿದ ಮೇಲೆ ಹಿಡಿದದ್ದನ್ನು ಬಿಡುತ್ತದೆ. ಇವನು ಒಬ್ಬನ ಮೇಲೆ ಸಿಟ್ಟು ಹಿಡಿದನೆಂದರೆ ಆ ಸಿಟ್ಟಿಗೆ ಮದುವೆಯ ವಯಸ್ಸು ಬಂದರೂ ಬಿಡುತ್ತಿರಲಿಲ್ಲ. ಪಕ್ಕದ ಸೈಕಲ್ ಅಂಗಡಿಯವನ ಜೊತೆ, ಎದುರಿನ ಅಚ್ಚುಮನೆಯವನ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಕಾರಣಗಳು ಮೂವರಿಗೂ ಮರೆತುಹೋಗಿ, ಜಗಳ ಮಾತ್ರ ಎಣ್ಣೆ ಸವರಿಟ್ಟ ಆಯುಧದ ಹಾಗೆ ತುಕ್ಕು ಹಿಡಿಯದೆ ಉಳಿದಿತ್ತು.

ಓಣಿಯ ತುದಿಯಲ್ಲಿ ಅವನ ಕುಲುಮೆ. ಮುಂದಿನ ಅಂಕಣದಲ್ಲಿ ಹೆಂಡತಿ ಸಾಣೆಯ ಚಕ್ರದ ಮುಂದೆ ಕೂತು ದರ್ಜಿಗಳ ಕತ್ತರಿಗಳನ್ನು ಹರಿತ ಮಾಡುತ್ತಿದ್ದಳು. ಕಿಡಿ ಹಾರುವ ಕಡೆ ಮುಖ ಕೊಟ್ಟು ಕೂತು ಕೂತು ಅವಳಿಗೆ ಗಂಡನ ಮಾತು ಕೂಡ ಅಂಥ ಬಿಸಿಯೇನೂ ಅನ್ನಿಸುತ್ತಿರಲಿಲ್ಲ. ಹಿಂದಿನ ಅಂಕಣದಲ್ಲಿ ಒಲೆ, ಕಾದ ಕಬ್ಬಿಣ ಬಡಿಯುವ ಅಡಿಗಲ್ಲು, ಎಣ್ಣೆಯ ಡ್ರಮ್ಮು, ಹಳೆಯ ಲಾರಿಗಳಿಂದ ಬಿಚ್ಚಿ ತಂದ ಸ್ಪ್ರಿಂಗ್ ಪಟ್ಟಿಗಳ ರಾಶಿ. ಮೂಲೆಯಲ್ಲಿ ಮರದ ಏಣಿಮೆಟ್ಟಿಲು. ಮೇಲೆ ಒಂದು ಕೋಣೆ. ಆ ಕೋಣೆಯಲ್ಲಿ ಅವನ ಬಾಮೈದ, ಅಂದರೆ ಹೆಂಡತಿಯ ತಮ್ಮ.

ಇಕ್ಕಳ ಚಾಕು, ಕತ್ತಿ, ಉಳಿ ಮಾಡುತ್ತಿದ್ದ. ಮಾಡಿದ ಪ್ರತಿಯೊಂದನ್ನೂ ಮೊದಲು ಅಡಿಗಲ್ಲಿಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಎಡ ಮುಂಗೈಯ ಮೇಲೆ ಎಳೆಯುತ್ತಿದ್ದ; ಹಾಗಾಗಿ ಆ ಕೈಯಲ್ಲಿ ನಲವತ್ತು ವರ್ಷದಿಂದ ಒಂದು ಕೂದಲೂ ನೆಲೆ ನಿಂತಿರಲಿಲ್ಲ. ಎರಡೂ ಪರೀಕ್ಷೆ ಪಾಸಾದರೆ, ಹಿಡಿಯ ಬುಡದಲ್ಲಿ, ಕಾಯಿಸಿ ಎಣ್ಣೆಗೆ ಅದ್ದುವ ಹದ ಹಾಕದೆ ಮೆತ್ತಗೆ ಬಿಟ್ಟ ಜಾಗದ ಮೇಲೆ ಬೆರಳುದ್ದದ ಉಕ್ಕಿನ ಅಚ್ಚನ್ನಿಟ್ಟು ಒಂದೇ ಏಟು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಇಕ್ಕಳದ ಚಿತ್ರ ಮೂಡುತ್ತಿತ್ತು. ಅದೇ ಮುದ್ರೆ. ಪಾಸಾಗದಿದ್ದರೆ ಅಡಿಗಲ್ಲಿನ ಅಂಚಿಗೆ ಬಡಿದು ಮುರಿದು ರಾಶಿಗೆ ಎಸೆಯುತ್ತಿದ್ದ. ಈ ನಿಯಮ ಬೇರೆ ಕಸುಬುಗಳಿಗೂ ಹರಡಿದ್ದರೆ ಎಷ್ಟೋ ಮನೆಗಳ ಒಲೆ ಆರುತ್ತಿತ್ತು. ಬರವಣಿಗೆಯವರ ಪಾಡಂತೂ ಕೇಳುವುದೇ ಬೇಡ.

ಬಾಮೈದ ಈ ಕುಲುಮೆಯಲ್ಲಿ ಮೂರು ವರ್ಷ ಸುತ್ತಿಗೆ ಹಿಡಿದಿದ್ದ. ಮೂರನೇ ವರ್ಷದ ಕೊನೆಗೆ ತಾನೇ ಮೊದಲಿನಿಂದ ಕೊನೆಯವರೆಗೆ ಒಂದು ಚಾಕು ಮಾಡಿದ. ಇಕ್ಕಳ ಅದನ್ನು ತಟ್ಟಿ ಕೇಳಿದ. ನಾಲ್ಕು ಜನ ಗಿರಾಕಿಗಳ ಎದುರಿಗೆ ಅಡಿಗಲ್ಲಿಗೆ ಬಡಿದು ಎರಡು ತುಂಡು ಮಾಡಿದ. "ಹದ ತಪ್ಪಿದೆ" ಎಂದ. ಬಾಮೈದ ಸುತ್ತಿಗೆ ಕೆಳಗಿಟ್ಟು ಮೆಟ್ಟಿಲು ಹತ್ತಿದವನು ಮತ್ತೆ ಒಲೆಯ ಹತ್ತಿರ ಸುಳಿಯಲಿಲ್ಲ. ಈಗ ಪೇಟೆಯ ದೊಡ್ಡ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕಾರುಗಳು ಬಂದಾಗ ಗುಂಡಿ ಒತ್ತಿ ಅಡ್ಡಪಟ್ಟಿ ಎತ್ತುವ ಕೆಲಸ ಅವನದು. ಗುಂಡಿ ಒತ್ತಿ ಸಾಕಾಗಿ ಮನೆಗೆ ಬಂದು, ಸಂಜೆಯೆಲ್ಲ ಕಂಪ್ಯೂಟರಿನ ಮುಂದೆ ಬೇರೆ ಗುಂಡಿಗಳನ್ನು ಒತ್ತುತ್ತಿದ್ದ.

ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಹನ್ನೊಂದು ವರ್ಷದಿಂದ ಒಬ್ಬರ ಜೊತೆ ಒಬ್ಬರು ಮಾತಾಡಿರಲಿಲ್ಲ. "ನಿನ್ನ ತಮ್ಮನಿಗೆ ಹೇಳು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬೇಡ ಅಂತ." "ಅಕ್ಕಾ, ಭಾವನಿಗೆ ಹೇಳು, ಮೆಟ್ಟಿಲು ಬಾಡಿಗೆಗೆ ಸೇರಿದ್ದು ಅಂತ." ನಡುವೆ ಕೂತ ಅಕ್ಕ, "ಇಬ್ಬರಿಗೂ ಕೇಳಿಸಿತು, ಮುಂದಿನ ಮಾತು ಬಿಡಿ" ಎಂದು ಬಡಿಸುತ್ತಿದ್ದಳು.

ಹೀಗೆ ಹಾವೂ ಸಾಯದೆ ಕೋಲೂ ಮುರಿಯದೆ ನಡೆಯುತ್ತಿದ್ದ ಸಂಸಾರಕ್ಕೆ ಬೆಂಕಿ ಬಿದ್ದದ್ದು ಹೋಟೆಲಿನ ಅಡುಗೆಯವನ ಬಾಯಿಂದ. ಅವನು ಹಳೆಯ ಗಿರಾಕಿ. ಈರುಳ್ಳಿ ಕೊಚ್ಚುವ ಚಾಕು ಸಾಣೆಗೆ ತಂದಿದ್ದ.

"ಮೇಸ್ತ್ರೀ, ನಿಮ್ಮ ಬಾಕು ಮೂರೇ ಏಟಿಗೆ ಮುರೀತಲ್ರೀ," ಎಂದ ನಗುತ್ತ.

"ಯಾವ ಬಾಕು?"

"ಇಕ್ಕಳ ಅಂತ ಹೆಸರಿತ್ತು ಅದರ ಮೇಲೆ. ತೋಳಕ್ಕೆ ಎರಡು ಏಟು ಹಾಕಿದೆ ನೋಡಿ, ಮೂರನೇದಕ್ಕೆ ಪುಡಿಪುಡಿ."

ಇಕ್ಕಳ ಸುತ್ತಿಗೆ ಕೆಳಗಿಟ್ಟ. "ತೋಳಾನಾ? ನಿಮ್ಮ ಹೋಟೆಲಲ್ಲಿ ಜನಕ್ಕೆ ಏನಪ್ಪಾ ಹಾಕ್ತಿದೀರಿ?"

"ಅಯ್ಯೋ, ಮೊಬೈಲಲ್ಲಿ ಮೇಸ್ತ್ರೀ! ಆಟ. ಅದರಲ್ಲಿ ಕಮ್ಮಾರರಿರ್ತಾರೆ, ದರ್ಜಿಗಳಿರ್ತಾರೆ, ಮದ್ದು ಕಾಯಿಸೋರಿರ್ತಾರೆ. ಮಾಡಿದ್ದನ್ನ ಸಂತೇಲಿ ಮಾರ್ತಾರೆ. ನಾವು ತಗೊಂಡು ಹೋಗಿ ರಾಕ್ಷಸರ ಜೊತೆ ಹೊಡೆದಾಡ್ತೀವಿ."

ಅಡುಗೆಯವನು ಫೋನು ತೆಗೆದು ಸಂತೆಯ ಪಟ್ಟಿ ತೋರಿಸಿದ. ಒಂದರ ಕೆಳಗೊಂದು ಬಾಕುಗಳ ಚಿತ್ರ. ಪ್ರತಿಯೊಂದರ ಕೆಳಗೂ ಎರಡು ಸಾಲು. ಗುಣ: ಕಳಪೆ. ತಯಾರಿಸಿದವರು: ಇಕ್ಕಳ. ಅಡುಗೆಯವನು ಬೆರಳಿನಿಂದ ತಳ್ಳುತ್ತಲೇ ಇದ್ದ, ಪಟ್ಟಿ ಬರುತ್ತಲೇ ಇತ್ತು. ಕಳಪೆ, ಇಕ್ಕಳ. ಕಳಪೆ, ಇಕ್ಕಳ.

"ಎಷ್ಟಿವೆ?"

"ಒಟ್ಟು ಮುನ್ನೂರ ಹನ್ನೆರಡು ಮಾಡಿದಾನೆ ಅಂತ ತೋರಿಸ್ತಿದೆ. ಪುಣ್ಯಾತ್ಮ ಯಾರೋ."

ಆ ಪುಣ್ಯಾತ್ಮ ಯಾರೆಂದು ಇಕ್ಕಳನಿಗೆ ಪಂಚಾಂಗ ನೋಡಿ ತಿಳಿಯಬೇಕಾಗಿರಲಿಲ್ಲ. ಹನ್ನೊಂದು ವರ್ಷ ಹತ್ತದಿದ್ದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಬಾಮೈದ ಕಂಪ್ಯೂಟರಿನ ಮುಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.

"ಕಳ್ಳ ಮುಂಡೇದೇ!" ಎಂದ ಇಕ್ಕಳ.

ಕೆಳಗೆ ಸಾಣೆಯ ಚಕ್ರ ನಿಂತಿತು. ಹೆಂಡತಿ ಮೆಟ್ಟಿಲ ಬುಡಕ್ಕೆ ಬಂದು, "ಹನ್ನೊಂದು ವರ್ಷದ ಮೌನ ಮುರಿಯೋಕೆ ಒಳ್ಳೇ ಮಾತು ಹುಡುಕಿದ್ರಿ," ಎಂದಳು.

"ಏನು ಕದ್ದೆ ಭಾವ ನಾನು?" ಬಾಮೈದ ಕುರ್ಚಿ ತಿರುಗಿಸಿದ. "ಹೆಸರು ತಾನೆ? ಅದು ನಿಮ್ಮದೂ ಅಲ್ಲ. ಓಣಿಯವರು ಬೈಯೋಕೆ ಇಟ್ಟಿದ್ದು. ನಾನೂ ಬೈಯೋಕೇ ಇಟ್ಕೊಂಡೆ."

"ನನ್ನ ಮುದ್ರೆ ಹಾಕಿ ಮುನ್ನೂರು ಕಚಡಾ ಮಾಡಿದೀಯಲ್ಲೋ! ಒಂದಾದ್ರೂ ಬಡಿದು ನೋಡಿದ್ಯಾ?"

"ಇದರಲ್ಲಿ ಬಡಿಯೋದಿಲ್ಲ. ಮೇಲೆ ಬರಬೇಕಂದ್ರೆ ಮೊದಲು ಕಳಪೆಯೇ ಮಾಡಬೇಕು. ಮಾಡಿದಷ್ಟೂ ಅಂಕ ಏರುತ್ತೆ. ಶುರುವಿಗೆ ಬಾಕು, ಐವತ್ತು ಅಂಕಕ್ಕೆ ಖಡ್ಗ, ಮುನ್ನೂರಕ್ಕೆ ಮಹಾಕಮ್ಮಾರ. ನಾನೀಗ ಮಹಾಕಮ್ಮಾರ. ನೋಡಿ, ಎದೆ ಮೇಲೆ ಬಂಗಾರದ ಪಟ್ಟಿ."

"ಮಾಡು ನೋಡೋಣ ಒಂದು."

ಬಾಮೈದ ಮಾಡಿ ತೋರಿಸಿದ. ಪರದೆಯ ಮೇಲಿನ ಗೊಂಬೆ ಮೂರು ಗಟ್ಟಿ ಕಬ್ಬಿಣ, ಒಂದು ಮರದ ತುಂಡು ಇಟ್ಟುಕೊಂಡು ಅಡಿಗಲ್ಲಿಗೆ ಮೂರು ಏಟು ಹಾಕಿತು. ಹಸಿರು ಪಟ್ಟಿ ತುಂಬಿತು. ಠಣ್ ಎಂದಿತು. ಖಡ್ಗ ಸಿದ್ಧ. ಬೆವರಿಲ್ಲ, ಇದ್ದಿಲಿಲ್ಲ. ಹಿಡಿಗೆ ಮೊಳೆ ಕೂಡ ಹೊಡೆಯಲಿಲ್ಲ, ಬಹುಶಃ ಅಂಟಿಸಿರಬೇಕು.

"ಹದ ಯಾವಾಗ ಹಾಕಿದ?" ಎಂದ ಇಕ್ಕಳ.

"ಹದ ಗಿದ ಇಲ್ಲ."

"ಹಂಗಂದ್ರೆ ಕಬ್ಬಿಣ ಹೆಂಗೆ ಕತ್ತಿ ಆಗುತ್ತೆ?"

"ಆಗುತ್ತೆ ಭಾವ. ಇಲ್ಲಿ ಎಲ್ಲ ಆಗುತ್ತೆ. ಅದಕ್ಕೇ ಇಲ್ಲಿರೋದು ನಾನು. ಇಲ್ಲಿ ಕೆಟ್ಟದ್ದು ಮಾಡಿದ್ರೂ ಒಂದು ಅಂಕ ಕೊಡ್ತಾರೆ. ನಾಲ್ಕು ಜನರ ಮುಂದೆ ಮುರಿದು ಹಾಕಲ್ಲ."

ಪಟ್ಟಿಯಲ್ಲಿ ಬಾಕುವಿನ ಹೆಸರು ಬೂದು ಬಣ್ಣದಲ್ಲಿತ್ತು. ಅದೇಕೆಂದು ಇಕ್ಕಳ ಕೇಳಿದ. ಇನ್ನು ಬಾಕು ಮಾಡಿ ಕಲಿಯುವುದು ಏನೂ ಉಳಿದಿಲ್ಲ ಎಂದು ಅದರ ಅರ್ಥವಂತೆ. "ನಲವತ್ತು ವರ್ಷ ಆಯ್ತು," ಎಂದ ಇಕ್ಕಳ, "ನನಗೆ ಉಳಿ ಇನ್ನೂ ಬೂದು ಆಗಿಲ್ಲ." ಹಾಗೆಂದು ಕೆಳಗಿಳಿದು ಹೋಗಿ ಮೇಲಿನ ಕೋಣೆಯ ಫ್ಯೂಸು ಕಿತ್ತ. ಆ ಕೋಣೆಯೂ ಸಾಣೆಯ ಚಕ್ರವೂ ಒಂದೇ ಫ್ಯೂಸಿನ ಮೇಲಿದ್ದವೆಂಬುದು ಸಿಟ್ಟಿನಲ್ಲಿ ಮರೆತಿತ್ತು. ಅರ್ಧ ಹರಿತವಾದ ಕತ್ತರಿ ಹಿಡಿದ ಹೆಂಡತಿ ಹತ್ತಿರ ಬಂದು, ಕೈ ಚಾಚಿದಳು. ಇಕ್ಕಳ ಫ್ಯೂಸನ್ನು ಅವಳ ಅಂಗೈಗೆ ಹಾಕಿದ. ಕೈಯಲ್ಲಿ ಕತ್ತರಿಯಿದ್ದವಳ ಜೊತೆ ವಾದ ಮಾಡುವಷ್ಟು ಮೂರ್ಖನೇನಲ್ಲ ಅವನು.

ಮರುದಿನ ಊಟದ ಮೇಜಿನಲ್ಲಿ ಬಾಮೈದ ನೇರವಾಗಿಯೇ ಒಂದು ಮಾತು ಮುಂದಿಟ್ಟ.

"ಆಟದಲ್ಲಿ ಹೆಸರು ಬದಲಾಯಿಸ್ಬೋದು ಭಾವ. ಒಂದೇ ಗುಂಡಿ. ಮುನ್ನೂರ ಹನ್ನೆರಡರ ಮೇಲೂ ಬೇರೆ ಹೆಸರು ಬಂದುಬಿಡುತ್ತೆ."

"ಒತ್ತು ಮತ್ತೆ."

"ಒತ್ತುತೀನಿ. ನೀವು ಒಂದು ಮಾತು ಹೇಳಬೇಕು. ಅವತ್ತು ನಾನು ಮಾಡಿದ ಚಾಕು ಚೆನ್ನಾಗಿತ್ತು ಅಂತ. ಅಷ್ಟೇ. ಅಕ್ಕನ ಮುಂದೆ."

ಹೆಂಡತಿ ಸೌಟು ಹಿಡಿದು ನಿಂತಳು. ಇಕ್ಕಳ ನೀರು ಕುಡಿದ. ಲೋಟ ಇಟ್ಟ. ಮತ್ತೆ ಎತ್ತಿ ಕುಡಿದ, ಅದರಲ್ಲಿ ನೀರಿರಲಿಲ್ಲ. ನಾಲ್ಕೇ ಅಕ್ಷರದ ಸುಳ್ಳು. ದಿನಾ ಬೆಳಗ್ಗೆ ಓಣಿಯಲ್ಲಿ ಹಲ್ಲುಜ್ಜುವ ಮೊದಲೇ ಜನ ಇದಕ್ಕಿಂತ ದೊಡ್ಡದನ್ನು ಹೇಳಿ ಮುಗಿಸಿರುತ್ತಾರೆ.

"ಹೇಳಿಬಿಡ್ರೀ," ಎಂದಳು ಹೆಂಡತಿ. "ಬಾಯಿಗೇನು ಮುಳ್ಳು ಚುಚ್ಚುತ್ತಾ?"

"ತಟ್ಟಿದಾಗ ಬಿರುಕು ಬಿಟ್ಟ ಮಡಕೆ ಥರ ಸದ್ದು ಬಂತು ಕಣೇ. ಚೆನ್ನಾಗಿತ್ತು ಅಂದ್ರೆ, ಇಷ್ಟು ವರ್ಷ ನಾನು ಮುದ್ರೆ ಹಾಕಿದ್ದೆಲ್ಲ ಏನು?"

"ಹಾಗಾದ್ರೆ ಮುನ್ನೂರ ಹನ್ನೆರಡೂ ಹಂಗೇ ಇರಲಿ," ಎಂದು ಬಾಮೈದ ತಟ್ಟೆ ಎತ್ತಿಕೊಂಡು ಮೇಲೆ ಹೋದ.

ಬೇರೆಯವನಾಗಿದ್ದರೆ ಇಲ್ಲಿಗೆ ಬಿಡುತ್ತಿದ್ದ. ಗೊಂಬೆಗಳ ಊರಿನ ಬಾಕು, ಅಲ್ಲಿಯ ತೋಳಕ್ಕೇ ಅದರ ಚಿಂತೆ. ಆದರೆ ಇಕ್ಕಳನ ತಲೆಯಲ್ಲಿ ಒಂದೇ ವಿಚಾರ ಕೂತಿತ್ತು. ಮುದ್ರೆಯ ಕೆಳಗೆ ಕೆಟ್ಟ ಮಾಲಿದ್ದರೆ ಅದನ್ನು ವಾಪಸು ತರಿಸಬೇಕು, ಮುರಿಯಬೇಕು. ಆ ಆಟದಲ್ಲಿ ಮುರಿಯುವುದಕ್ಕೂ ಒಂದು ಗುಂಡಿಯಿದೆಯೆಂದು ಅಡುಗೆಯವನು ಹೇಳಿದ ಮೇಲಂತೂ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೆಂಡತಿಯ ಗಾಜು ಒಡೆದ ಫೋನು ಇಸಿದುಕೊಂಡ. ಅಡುಗೆಯವನು ಆಟವನ್ನು ಅದಕ್ಕೆ ಹಾಕಿ, ಹೆಸರು ಕೇಳಿದ.

"ಇಕ್ಕಳ ಅಂತ ಹಾಕು."

"ಆ ಹೆಸರು ಬೇರೆಯವರು ಇಟ್ಕೊಂಡಿದಾರೆ, ಬೇರೆ ಆರಿಸಿ ಅಂತಿದೆ."

ಇಕ್ಕಳ ಫೋನಿಗೆ ಏನೆಂದನೋ ಅದು ಇಲ್ಲಿ ಅಚ್ಚಾಗುವಂಥದ್ದಲ್ಲ. ಕೊನೆಗೆ ಹೆಂಡತಿಯೇ "ಸುತ್ತಿಗೆ ಅಂತ ಹಾಕಪ್ಪಾ, ಕೂಗಾಟ ನಿಲ್ಲಲಿ" ಎಂದಳು.

ಎರಡು ಕಸುಬು ಆರಿಸಿಕೊಳ್ಳಬಹುದು ಎಂದಿತು ಆಟ. "ಒಂದನ್ನೇ ಮುಗಿಸೋಕಾಗಿಲ್ಲ, ಎರಡಂತೆ," ಎಂದು ಇಕ್ಕಳ ಕಮ್ಮಾರಿಕೆಯೊಂದನ್ನೇ ಆರಿಸಿದ. ಮೊದಲ ಬಾಕು ಮಾಡಲು ಹೇಳಿತು. ಮಾಡಿದರೆ ಅದು ಕಳಪೆಯೇ ಆಗುತ್ತದೆ, ಹೊಸಬರಿಗೆ ಹಾಗೇ, ಎಂದ ಅಡುಗೆಯವನು. ಕಳಪೆಯೆಂದು ಗೊತ್ತಿದ್ದೂ ಮಾಡುವುದು ಇಕ್ಕಳನಿಂದ ಆಗಲಿಲ್ಲ. ಹಾಗಾಗಿ ಇಡೀ ಆಟದಲ್ಲಿ ಸೊನ್ನೆ ಅಂಕದ ಕಮ್ಮಾರ ಅವನೊಬ್ಬನೇ. ಮೈಮೇಲೆ ಹೊಸಬರಿಗೆ ಕೊಡುವ ಗೋಣಿಯಂಥ ಅಂಗಿ, ಬರಿಗಾಲು. ಊರ ನಡುವಿನ ಬಾವಿಯ ಪಕ್ಕ ಸಾರ್ವಜನಿಕ ಅಡಿಗಲ್ಲೊಂದಿತ್ತು; ಅದರ ಹತ್ತಿರ ಗೊಂಬೆಯನ್ನು ನಿಲ್ಲಿಸಿದ. ಅಕ್ಷರ ಒತ್ತಲು ಹೋದರೆ ಅವನ ಹೆಬ್ಬೆರಳಿಗೆ ಒಮ್ಮೆಗೆ ನಾಲ್ಕು ಅಕ್ಷರ ಬರುತ್ತಿದ್ದವು. ಬಾಯಲ್ಲೇ ಮಾತಾಡಬಹುದು ಎಂದು ಅಡುಗೆಯವನು ತೋರಿಸಿಕೊಟ್ಟ. ಅದೊಂದು ತಪ್ಪು ಮಾಡಿದ.

"ಲೋ! ಹಸಿರು ಟೋಪಿ! ನಿನ್ನ ಸೊಂಟದಲ್ಲಿರೋದು ಯಾರ ಬಾಕು? ಇಕ್ಕಳಂದಾ? ಕೊಡು ಇಲ್ಲಿ, ಮುರೀತೀನಿ! ಹದ ಇಲ್ಲದ ಕಬ್ಬಿಣ ಇಟ್ಕೊಂಡು ಎಲ್ಲಿಗೆ ಹೊರಟಿದೀಯ, ಸಾಯೋಕಾ?"

ಸಂಜೆ ಐದಕ್ಕೆ ಕುಲುಮೆ ಮುಚ್ಚಿ, ಕೈ ತೊಳೆದು, ಊಟದವರೆಗೆ ಇದೇ ಉದ್ಯೋಗ. ಮೊದಲ ವಾರ ನಲವತ್ತು ಬಾಕು ಸಿಕ್ಕಿದವು. ಈ ಬೈಗುಳಕ್ಕಿಂತ ಬಾಕು ಕೊಟ್ಟು ಹೋಗುವುದೇ ಲೇಸೆಂದು ಜನ ಕೊಟ್ಟರು. ಒಂದೊಂದನ್ನೂ ಮುರಿಯುವಾಗ ಫೋನಿನಿಂದ ಚಟ್ ಎಂಬ ಸದ್ದು. ಅದೊಂದು ಸದ್ದು ಮಾತ್ರ ಇಡೀ ಆಟದಲ್ಲಿ ನಿಜವಾಗಿದೆ ಎಂದು ಇಕ್ಕಳ ಒಪ್ಪಿಕೊಂಡ. ಮೇಲಿನಿಂದ ಬಾಮೈದ ತನ್ನ ಪರದೆಯಲ್ಲಿ ಬಾವಿಯ ಹತ್ತಿರ ಬಂದು ನಿಂತು ನೋಡುತ್ತಿದ್ದ. ಬಂಗಾರದ ಪಟ್ಟಿಯ ಮಹಾಕಮ್ಮಾರ ಒಂದು ಕಡೆ, ಗೋಣಿ ಅಂಗಿಯ ಸುತ್ತಿಗೆ ಒಂದು ಕಡೆ. ಬೈಗುಳ ಮಾತ್ರ ಕೆಳಗೆ ಇಕ್ಕಳನ ಬಾಯಿಂದಲೂ ಮೇಲೆ ಕಂಪ್ಯೂಟರಿನಿಂದಲೂ ಎರಡೆರಡು ಬಾರಿ ಕೇಳಿಸುತ್ತಿತ್ತು.

"ಒಂದು ಸಲ ಬೈದ್ರೆ ಸಾಲದಾ?" ಎನ್ನುತ್ತಿದ್ದಳು ಹೆಂಡತಿ.

ಎರಡನೇ ವಾರ ಯಾರೂ ಬಾಕು ಕೊಡಲಿಲ್ಲ. ಬದಲಿಗೆ ಇಕ್ಕಳನ ಗೊಂಬೆಯ ಸುತ್ತ ಜನ ಸೇರತೊಡಗಿದರು. ಬಂದು ನಮಸ್ಕಾರ ಮಾಡುವರು, ಸುಮ್ಮನೆ ನಿಲ್ಲುವರು. ಅವನು ಬೈದರೆ ಚದುರುವುದಿಲ್ಲ. ಇನ್ನೂ ಹತ್ತಿರ ಬರುತ್ತಾರೆ. ಇಕ್ಕಳನ ಬದುಕಿನಲ್ಲಿ ಇದು ಹೊಸತು. ಬೈದು ಬೈದು ಗಂಟಲು ಕಟ್ಟಿತು.

ಸಂಗತಿ ಬಿಡಿಸಿ ಹೇಳಿದವನು ಅಡುಗೆಯವನೇ. "ಮೇಸ್ತ್ರೀ, ನಿಮ್ಮನ್ನ ಜನ ಮನುಷ್ಯ ಅಂತಲೇ ತಿಳ್ಕೊಂಡಿಲ್ಲ!"

"ಅದು ಇಲ್ಲೂ ಹಂಗೇ," ಎಂದಳು ಹೆಂಡತಿ ಸಾಣೆಯ ಹತ್ತಿರದಿಂದ.

"ಆಟ ಮಾಡಿದೋರೇ ಇಟ್ಟಿರೋ ಗೊಂಬೆ ಅಂತ ತಿಳ್ಕೊಂಡಿದಾರೆ. ದಿನಾ ಒಂದೇ ಹೊತ್ತಿಗೆ ಬರ್ತೀರಿ, ಒಂದೇ ಜಾಗದಲ್ಲಿ ನಿಲ್ತೀರಿ, ಒಂದೇ ಮಾತು ಹೇಳ್ತೀರಿ. ಇದರ ಹಿಂದೆ ಏನೋ ಗುಟ್ಟಿದೆ ಅಂತೆ. ಇಕ್ಕಳನ ಬಾಕು ನೂರು ಸೇರಿಸಿ ತಂದವರಿಗೆ ಬೈಯೋ ತಾತ ಏನೋ ನಿಧಿ ಕೊಡ್ತಾನೆ ಅಂತೆ. ನೀವು ಬೈದದ್ದನ್ನೆಲ್ಲ ಬರ್ಕೊಳ್ತಿದಾರೆ. 'ಹದ ಇಲ್ಲದ ಕಬ್ಬಿಣ' ಅಂದ್ರಲ್ಲ, ಅದು ಒಗಟು ಅಂತ ಇಪ್ಪತ್ತು ಜನ ಎಣ್ಣೆ ಕೆರೆ ಹುಡುಕ್ಕೊಂಡು ಉತ್ತರದ ಬೆಟ್ಟ ಹತ್ತಿದಾರೆ."

"ಮುರಿದದ್ದು ಬಿಟ್ಟು ನಿನ್ನ ಹತ್ರ ಇನ್ನೊಂದು ಬಾಕು ಇತ್ತಲ್ಲಾ? ಅದನ್ನಾದ್ರೂ ಕೊಡು."

ಅಡುಗೆಯವನು ಕಿವಿಯ ಹಿಂದೆ ತುರಿಸಿಕೊಂಡ. "ಕೊಡೋಕಾಗಲ್ಲ ಮೇಸ್ತ್ರೀ. ಅದಕ್ಕೀಗ ಆಟದ ಸಂತೇಲಿ ಒಂದು ಕುದುರೆ ಬರುತ್ತೆ."

ಹೀಗಾಯಿತು. ಇಡೀ ಆಟದಲ್ಲಿ ಅತಿ ಕೆಟ್ಟ ಮಾಲು ಯಾವುದೋ ಅದಕ್ಕೇ ಅತಿ ಹೆಚ್ಚು ಬೆಲೆ. ಅದೂ ಮುದ್ರೆಯ ಹೆಸರಿನಲ್ಲಿ. ಅವನು ಜೋರಾಗಿ ಬೈದಷ್ಟೂ ಬೆಲೆ ಏರಿತು. ಬೈಯುವುದನ್ನು ನಿಲ್ಲಿಸಿದರೆ, "ತಾತ ಮೌನ ತಾಳಿದಾನೆ, ಏನೋ ಆಗೋದಿದೆ" ಎಂದು ಮತ್ತಷ್ಟು ಏರಿತು. ಎತ್ತಿ ಹಿಡಿದರೆ ಕೈ ಸುಡುತ್ತದೆ, ಬಿಟ್ಟರೆ ಕಾಲ ಮೇಲೆ ಬೀಳುತ್ತದೆ. ಇಂಥ ಕಬ್ಬಿಣವನ್ನು ಇಕ್ಕಳ ಹಿಂದೆಂದೂ ಕಂಡಿರಲಿಲ್ಲ.

ಮೇಲಿನ ಕೋಣೆಗೂ ಸುದ್ದಿ ಹೋಯಿತು. ಮಹಾಕಮ್ಮಾರನ ಬಾಗಿಲಿಗೆ ಜನ ಮುಗಿಬಿದ್ದರು. ಅವನು ಮುನ್ನೂರು ಅಂಕದವರೆಗೆ ಏರಿ ಮಾಡಿದ್ದ ಜ್ವಾಲೆಯ ಖಡ್ಗ, ನಾಗಮುಖದ ಗುರಾಣಿ ಯಾರಿಗೂ ಬೇಡ. ಕಳಪೆ ಬಾಕು ಮಾಡಿಕೊಡು, ಆ ಹಳೆಯದರ ಥರವೇ ಕೆಟ್ಟದಾಗಿರಬೇಕು. ಬಾಮೈದನಿಗೆ ಅದು ಸಂತೋಷವೋ ಅವಮಾನವೋ ತಿಳಿಯಲಿಲ್ಲ. ಎರಡು ದಿನ ಯೋಚಿಸಿದ. ಮೂರನೇ ದಿನ ಕೆಲಸಕ್ಕೆ ರಜೆ ಹಾಕಿ, ಐನೂರು ಬಾಕು ಮಾಡಿದ.

ಆ ಸಂಜೆ ಊಟದ ಮೇಜಿನಲ್ಲಿ ತಾನೇ ಹೇಳಿದ. ಮುಚ್ಚಿಡಬಹುದಿತ್ತು, ಆದರೆ ಗೆದ್ದವನಿಗೆ ಹೇಳದೆ ಊಟ ಸೇರುತ್ತದೆಯೇ?

"ಐನೂರು, ಭಾವ. ಎಲ್ಲದರ ಮೇಲೂ ಇಕ್ಕಳ. ನೀವು ಮುರೀತಾ ಇರಿ, ನಾನು ಮಾಡ್ತಾ ಇರ್ತೀನಿ. ಇಬ್ಬರಿಗೂ ನಿವೃತ್ತಿ ತನಕ ಕೆಲಸ."

ಹೆಂಡತಿ ತಮ್ಮನ ತಟ್ಟೆಗೆ ಹಾಕಬೇಕೆಂದಿದ್ದನ್ನು ಪಾತ್ರೆಗೇ ವಾಪಸು ಹಾಕಿ, "ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತು," ಎಂದಳು. "ಯಾರು ಕೋತಿ ಅಂತ ಕೇಳಬೇಡಿ. ಇಬ್ಬರೂ ಕೇಳಬೇಡಿ."

ಐನೂರು ಬಾಕು ಸಂತೆಗೆ ಬಿದ್ದ ಮೂರನೇ ದಿನಕ್ಕೆ ಬೆಲೆ ನೆಲಕ್ಕೆ ಬಿತ್ತು. ಕುದುರೆ ಕೊಟ್ಟು ಬಾಕು ಕೊಂಡವರು ಬಾವಿಯ ಹತ್ತಿರ ಓಡಿ ಬಂದು ನೂರು ನೂರರ ಕಟ್ಟುಗಳನ್ನು ಇಕ್ಕಳನ ಮುಂದೆ ಸುರಿದರು. ನಿಧಿ ಎಲ್ಲಿ? ಇಕ್ಕಳ ಒಂದೊಂದಾಗಿ ಮುರಿಯಲು ಶುರುಮಾಡಿದ. ನಿಧಿ ಬರಲಿಲ್ಲ, ಚಟ್ ಎಂಬ ಸದ್ದು ಬಂತು. ಆಗ ಎಲ್ಲರಿಗೂ ಅರ್ಥವಾಯಿತು: ಮಾಡಿದವನೂ ಮುರಿದವನೂ ಒಳಗೊಳಗೇ ಒಂದು, ಇಬ್ಬರೂ ಸೇರಿ ಹೂಡಿದ ಆಟ ಇದು. ಹನ್ನೊಂದು ವರ್ಷದಿಂದ ಒಟ್ಟಿಗೆ ಒಂದು ಮೊಳೆಯನ್ನೂ ಹೊಡೆಯದ ಭಾವ ಬಾಮೈದರನ್ನು ಲೋಕ ಪಾಲುದಾರರನ್ನಾಗಿ ಮಾಡಿತು.

ಅದಾಗಿ ನಾಲ್ಕು ದಿನಕ್ಕೆ ಅಡುಗೆಯವನು ಕುಲುಮೆಗೆ ಬಂದ. ಹೊಸ ಚಾಕು ಮಾಡಲು ಹೇಳಿ ಹೋಗಿದ್ದ; ಅದು ಸಿದ್ಧವಿತ್ತು. ಇಕ್ಕಳ ಅದನ್ನು ತಟ್ಟಿದ್ದ, ಮುಂಗೈಗೆ ಎಳೆದಿದ್ದ. ಮುದ್ರೆಯೊಂದು ಬಾಕಿ.

"ಮೇಸ್ತ್ರೀ, ಒಂದು ಮಾತು. ಸಿಟ್ಟು ಮಾಡ್ಕೋಬೇಡಿ."

"ಹೇಳು. ಸಿಟ್ಟು ನನ್ನ ಜವಾಬ್ದಾರಿ."

"ನಿನ್ನೆ ಹೋಟೆಲಲ್ಲಿ ಹೊಸದಾಗಿ ಸೇರಿದೋನು ನನ್ನ ಹಳೇ ಚಾಕು ನೋಡಿದ. ಮುದ್ರೆ ನೋಡಿ ನಕ್ಕ. ಇದು ಆ ಮೋಸಗಾರನ ಗುರುತಲ್ವಾ ಅಂದ. ನಿಜವಾದ ಚಾಕು ಕಣೋ, ಆಟದ್ದಲ್ಲ ಅಂದೆ. ಎಲ್ಲಾ ಒಂದೇ, ಇಕ್ಕಳ ಅಂದ್ರೆ ಕಳಪೆ ಅಂತ ಊರಿಗೇ ಗೊತ್ತು ಅಂದ. ಉಳಿದೋರೂ ನಕ್ಕರು."

"ಆ ಚಾಕು ಮುರೀತಾ?"

"ಇಲ್ಲ! ಆರು ವರ್ಷ ಆಯ್ತು."

"ಆದ್ರೂ ನಕ್ಕರು."

"ನಕ್ಕರು ಮೇಸ್ತ್ರೀ."

ಇಕ್ಕಳ ಸ್ವಲ್ಪ ಹೊತ್ತು ಅಚ್ಚನ್ನು ಬೆರಳಲ್ಲಿ ಹೊರಳಿಸಿದ. ಆಮೇಲೆ ಅದನ್ನು ಚಾಕುವಿನ ಮೇಲಿಡುವ ಬದಲು ಒಲೆಗೆ ಹಾಕಿ ಗಾಳಿಯ ಸ್ವಿಚ್ಚು ಒತ್ತಿದ. ಹದ ಹಾಕಿದ ಉಕ್ಕಿಗೆ ಉಜ್ಜಿ ಸವೆಸುವ ಅರವೂ ಹತ್ತುವುದಿಲ್ಲ. ಅದನ್ನು ಕೆಡಿಸಬೇಕಾದರೂ ಕ್ರಮವಾಗಿ ಕೆಡಿಸಬೇಕು. ಅಚ್ಚು ಕೆಂಪಾಯಿತು, ಕಿತ್ತಳೆಯಾಯಿತು. ಹೆಂಡತಿ ಚಕ್ರ ನಿಲ್ಲಿಸಿ ಎದ್ದು ಬಂದಳು. ಅವಳು ಏನೋ ಹೇಳುವ ಮೊದಲೇ ಇಕ್ಕಳ ಅಚ್ಚನ್ನು ಹೊರತೆಗೆದು ಅಡಿಗಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಮೂರು ಏಟು ಹಾಕಿದ. ಚಿತ್ರವಿದ್ದ ತುದಿ ಚಪ್ಪಟೆಯಾಯಿತು.

ರಜೆಯ ದಿನ, ಬಾಮೈದ ಮೇಲೇ ಇದ್ದ. ಅವನು ಈ ಕುಲುಮೆಯಲ್ಲಿ ಮೂರು ವರ್ಷ ಕಳೆದವನು. ಮಾಡುವ ಏಟು ಯಾವುದು, ಕೆಡಿಸುವ ಏಟು ಯಾವುದು ಎಂದು ಕಿವಿಗೆ ಗೊತ್ತು. ಮೆಟ್ಟಿಲ ಮಧ್ಯದವರೆಗೆ ಇಳಿದು ಬಂದು ನಿಂತ. ಅಡಿಗಲ್ಲಿನ ಮೇಲೆ ಇನ್ನೂ ಕೆಂಪಗಿದ್ದುದನ್ನು ನೋಡಿದ.

"ಭಾವ... ನಾನು ಹೆಸರು ಬದಲಾಯಿಸ್ತೀನಿ. ಏನೂ ಹೇಳೋದು ಬೇಡ ನೀವು. ಈಗಲೇ ಗುಂಡಿ ಒತ್ತುತೀನಿ."

"ಏನೂ ಬೇಡ. ಇಟ್ಕೋ."

"ಅಲ್ಲ, ನಾನು..."

"ಇಟ್ಕೋ ಅಂದೆ. ಇವತ್ತಿಂದ ಆ ಹೆಸರು ನಿಂದೇ. ಎಲ್ಲರೂ ಮೋಸಗಾರ ಅಂತಾರಲ್ಲ, ಅದೂ ನಿಂದೇ. ನಾನು ನಲವತ್ತು ವರ್ಷ ಹೊತ್ತೆ, ಮುಂದಕ್ಕೆ ನೀನು ಹೊರು. ಹೊಲಸು ಮಾಡಿದೋನೇ ತೊಳೀಲಿ. ಆಗದಿದ್ರೆ ಅದರಲ್ಲೇ ಬಿದ್ದಿರು."

ಬಯಸಿ ಕದ್ದ ವಸ್ತುವನ್ನು ಯಜಮಾನನೇ ಹೀಗೆ ಮುಖಕ್ಕೆ ಎಸೆದರೆ ಕಳ್ಳನಿಗೆ ಏನು ತೋಚೀತು? ಬಾಮೈದ ಅಕ್ಕನ ಕಡೆ ನೋಡಿದ. ಅವಳು ಮುಖ ತಿರುಗಿಸಿ ಸಾಣೆಗೆ ಹೋದಳು. ಅವನು ಮೇಲೆ ಹೋದ. ಕೆಲವು ನಿಮಿಷಕ್ಕೆ ಮೇಲಿನಿಂದ ಚಟ್ ಎಂಬ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಅವನ ಚೀಲದಲ್ಲಿ ಮಾರಾಟವಾಗದೆ ಉಳಿದ ಬಾಕುಗಳೇ ಮುನ್ನೂರಕ್ಕೆ ಮೇಲಿದ್ದವು.

ಇಕ್ಕಳ ತಲೆ ಎತ್ತಲಿಲ್ಲ. ಅಡುಗೆಯವನ ಹೊಸ ಚಾಕುವನ್ನು ಬಟ್ಟೆಯಲ್ಲಿ ಒರೆಸಿ ಮುಂದೆ ಹಿಡಿದ.

"ಇದಕ್ಕೆ ಮುದ್ರೆ?" ಎಂದ ಅಡುಗೆಯವನು.

"ಇಲ್ಲ."

"ಮುದ್ರೆ ಇಲ್ಲದೆ ಹೆಂಗೆ ಮೇಸ್ತ್ರೀ?"

"ಈಗಷ್ಟೇ ಮುದ್ರೆ ನೋಡಿ ನಕ್ಕರು ಅಂತ ಅತ್ತೆ. ಈಗ ಇಲ್ಲ ಅಂತ ಅಳ್ತೀಯ. ಈರುಳ್ಳಿ ಕೊಚ್ಚೋದು ಚಾಕುನೋ, ಚಿತ್ರಾನೋ?"

ಅಡುಗೆಯವನು ಹೆಬ್ಬೆರಳ ಉಗುರಿನ ಮೇಲೆ ಅಲಗನ್ನು ಓರೆಯಾಗಿಟ್ಟು ಮೆಲ್ಲಗೆ ತಳ್ಳಿದ. ಜಾರಲಿಲ್ಲ, ಕಚ್ಚಿ ನಿಂತಿತು. ಬೆಳಕಿಗೆ ಹಿಡಿದು ನೋಡಿದ. ಹಿಡಿಯ ಬುಡದಲ್ಲಿ ಖಾಲಿಯಾಗಿದ್ದ ಜಾಗವನ್ನು ಬೆರಳಿನಿಂದ ಸವರಿದ. ಮನಸ್ಸು ಒಪ್ಪಿತ್ತು, ಮುಖ ಒಪ್ಪಿರಲಿಲ್ಲ.

"ಸರಿ, ನಾಳೆ ಮುರಿದ್ರೆ? ವಾಪಸು ತಂದ್ರೆ ಹೊಸದು ಕೊಡ್ತೀರಲ್ಲ, ಆಗ ಇದು ನಿಮ್ಮದೇ ಅಂತ ಹೆಂಗೆ ತೋರಿಸಲಿ?"

"ಮುರಿದ್ರೆ ನಂದಲ್ಲ," ಎಂದ ಇಕ್ಕಳ.

ಅಡುಗೆಯವನು ಚಾಕುವನ್ನು ಹಳೇ ಪತ್ರಿಕೆಯಲ್ಲಿ ಸುತ್ತುತ್ತ ಆ ಮಾತನ್ನು ಒಂದು ಕಡೆಯಿಂದ ನೋಡಿದ, ಇನ್ನೊಂದು ಕಡೆಯಿಂದ ನೋಡಿದ. ಎಲ್ಲೋ ತನಗೆ ನಷ್ಟವಿದೆ ಅನ್ನಿಸಿತು. ಎಲ್ಲಿ ಎಂದು ಸಿಗಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದ.

"ಬೆಳಕಿಗೆ ಅಡ್ಡ ನಿಲ್ಲಬೇಡ, ಆಚೆ ನಡಿ," ಎಂದು ಇಕ್ಕಳ ಮುಂದಿನ ಪಟ್ಟಿಯನ್ನು ಒಲೆಗೆ ಹಾಕಿದ.